ಚಿಕ್ಕಮ್ಮನ ಬ್ಯಾಕ್‌ಗ್ರೌಂಡ್ ಚೆಕ್

ದುಬೈಗೆ ಬಂದಂದಿನಿಂದ ಈ ದೇಶದ ಬಳಿ ನನ್ನ ಹತ್ತೂ ಬೆರಳಿನ ಗುರುತಿದೆ, ಕಣ್ಣಿನ ಪಾಪೆಯ ಚಿತ್ರವಿದೆ, ಎದೆಯ ಎಕ್ಸ್‌ರೇ ಕೂಡ ಇದೆ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ಮಾನ ಹರಾಜಾಗುವುದೇನಿದ್ದರೂ ಪುತ್ತೂರಿನಲ್ಲಿ, ಚಿಕ್ಕಮ್ಮನ ಮೊಬೈಲಿನಲ್ಲಿ.

ಚಿಕ್ಕಮ್ಮನಿಗೆ ಫೋಟೊದ ಕೆಳಗಿನ ಕಮೆಂಟ್ ಎಂದರೆ ಇನ್‌ಲ್ಯಾಂಡ್ ಲೆಟರ್, ಅಂಟಿಸುವುದಿಲ್ಲ ಅಷ್ಟೇ. ಕಪ್ಪು ಕನ್ನಡಕ ಹಾಕಿ ಒಂಟೆಯ ಪಕ್ಕ ಗತ್ತಿನಿಂದ ನಿಂತ ನನ್ನ ಫೋಟೊಗೆ ಅವರು ಬರೆದದ್ದು: "ಮೂಲವ್ಯಾಧಿ ಈಗ ಹೇಗುಂಟು ಮಗಾ? ಒಂಟೆ ಮೇಲೆ ಕೂತ್ಕೊಳ್ಬೇಡ." ಊರಿಗೆ ಊರೇ ಲೈಕ್ ಒತ್ತಿತು. ನನ್ನ ಬಾಸ್ ಕೂಡ ಒತ್ತಿದ್ದರು.

ಆ ಬಾಸ್‌ನ ಕಂಪನಿ ಈ ವರ್ಷ ಬಾಗಿಲು ಹಾಕಿತು. ವೀಸಾದ ಗಡುವು ಮುಗಿಯುವುದರೊಳಗೆ ಬೇರೆ ಕೆಲಸ ಸಿಗದಿದ್ದರೆ ಮಗಳ ಶಾಲೆ ಬಿಡಿಸಿ, ಇಂಟರ್‌ನ್ಯಾಷನಲ್ ಸಿಟಿಯ ಫ್ಲ್ಯಾಟ್ ಖಾಲಿ ಮಾಡಿ, ಸಂಸಾರ ಸಮೇತ ವಿಮಾನ ಹತ್ತಬೇಕು. ನಿಜಕ್ಕೂ ಭಯವಾಗಿತ್ತು. ಅಷ್ಟರಲ್ಲಿ ಮುಸಫ್ಫಾ ಕೈಗಾರಿಕಾ ಪ್ರದೇಶದ ಒಂದು ಉಕ್ಕಿನ ಫ್ಯಾಬ್ರಿಕೇಶನ್ ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು.

"ಈಗ ಎಲ್ಲ ಕಂಪನಿಯವ್ರೂ ಆನ್‌ಲೈನ್ ಜಾತಕ ನೋಡ್ತಾರೆ ಮಾರಾಯ. ಎಲ್ಲ ಡಿಲೀಟ್ ಮಾಡು, ಖಲಾಸ್" ಎಂದು ಇಲ್ಲೇ ದೇರಾದಲ್ಲಿರುವ ಗೆಳೆಯ ಎಚ್ಚರಿಸಿದ. ಕೂತು ಅಳಿಸಿದೆ. ರಾಜಕೀಯದ ಕೂಗಾಟ ಹೋಯಿತು, ಲುಂಗಿ ಎತ್ತಿ ಕಟ್ಟಿ ಕುಣಿದ ಮದುವೆ ಹೋಯಿತು, ಒಂಟೆಯೂ ಹೋಯಿತು. ಕೊನೆಗೆ ಉಳಿದದ್ದು ಕೋಟು ತೊಟ್ಟ ಒಂದೇ ಫೋಟೊ. ಮಗಳು ಇಣುಕಿ ನೋಡಿ, "ಪಪ್ಪಾ, ನೌ ಯೂ ಲುಕ್ ಲೈಕ್ ಎ ಫೇಕ್ ಅಕೌಂಟ್" ಎಂದಳು. ನನಗೆ ಮಾತ್ರ ಮಿಂದು ಮಡಿಯುಟ್ಟಷ್ಟು ಹಗುರವೆನಿಸಿತ್ತು. ಹಳೆಯ ಕೆಲಸ ಬಿಟ್ಟ ಕಾರಣಕ್ಕೂ 'ಹೊಸ ಸವಾಲುಗಳ ಹುಡುಕಾಟ' ಎಂಬ ಘನವಾದ ಉತ್ತರವನ್ನು ಬಾಯಿಪಾಠ ಮಾಡಿಕೊಂಡೆ.

ಸಂದರ್ಶನ ಮಾಡಿದ ಮ್ಯಾನೇಜರ್ ಬಂಟ್ವಾಳದ ಕಡೆಯವರು. ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸಿದರು. ನಾನು ಗುಡಿಸಿದ್ದು ನನ್ನ ಮನೆಯನ್ನು ಮಾತ್ರ. ಚಿಕ್ಕಮ್ಮನ ಅಂಗಳ ಹಾಗೇ ಇತ್ತು! ಅವರ ಪೇಜಿನಲ್ಲಿ ನನ್ನ ಫೋಟೊ, ಪೂರ್ತಿ ಹೆಸರು, ಕೆಳಗೆ ಒಕ್ಕಣೆ: "ನಮ್ಮ ಹುಡುಗನ ಕಂಪನಿ ಮುಚ್ಚಿತು. ಪಾಪ, ಮನೆಯಲ್ಲಿ ಕೂತು ನೀರುದೋಸೆ ಮಾಡ್ಲಿಕ್ಕೆ ಕಲ್ತಿದ್ದಾನೆ. ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಅವನಿಗೆ. ದುಬೈಯಲ್ಲಿ ಯಾರಾದ್ರೂ ಇದ್ರೆ ಸ್ವಲ್ಪ ನೋಡಿ."

"ಹಳೇ ಕೆಲಸ ಬಿಟ್ಟದ್ದು ಯಾಕೆ?" ಎಂದು ಮ್ಯಾನೇಜರ್ ಕೇಳಿದರು.

ಹೊಸ ಸವಾಲುಗಳು ಗಂಟಲವರೆಗೆ ಬಂದವು. ಪರದೆಯ ಮೂಲೆಯಿಂದ ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದರು.

"ಕಂಪನಿ ಮುಚ್ಚಿತು ಸರ್."

"ಮತ್ತೆ ನೀರುದೋಸೆ?"

"ತೂತು ಬರ್ತದೆ ಸರ್. ಅಂಚು ಮಾತ್ರ ಸ್ವಲ್ಪ ದಪ್ಪ."

ಅವರು ಮೇಜು ಬಡಿದು ನಕ್ಕರು. ಸಂಜೆಯೇ ಆಫರ್ ಲೆಟರ್ ಬಂತು.

ಹಿರಿಹಿರಿ ಹಿಗ್ಗಿ ಚಿಕ್ಕಮ್ಮನಿಗೆ ಫೋನ್ ಮಾಡಿದರೆ ಅವರಿಗೆ ನನ್ನಷ್ಟು ಸಂಭ್ರಮವಿಲ್ಲ. "ಸಹಿ ಹಾಕ್ಬೇಡ, ತಡಿ. ಆ ಮ್ಯಾನೇಜರ್ ಯಾರ ಮಗ? ಬಂಟ್ವಾಳದಲ್ಲಿ ಯಾವ ಮನೆ?" ಎಂದರು. ಕಂಪನಿಯವರು ನನ್ನ ಜಾತಕವನ್ನೆಲ್ಲ ಜಾಲಾಡಿದ್ದರು. ಅವರದನ್ನೂ ಯಾರಾದರೂ ನೋಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಹೆಣ್ಣು ಕೊಡುವಾಗ ನಾಲ್ಕು ಕಡೆ ವಿಚಾರಿಸುವವರು ಗಂಡು ಕೊಡುವಾಗ ಸುಮ್ಮನಿರುತ್ತಾರೆಯೇ?

ರಾತ್ರಿ ಊಟದ ಹೊತ್ತಿಗೆ ವರದಿ ಬಂತು. ಫೋನಿಗಲ್ಲ, ಕೋಟು ತೊಟ್ಟ ಆ ಒಂದೇ ಫೋಟೊದ ಕೆಳಗೆ, ಲೋಕವೆಲ್ಲ ಓದುವ ಹಾಗೆ: "ವಿಚಾರಿಸಿದೆ ಮಗಾ. ಜನ ಒಳ್ಳೆಯವನೇ. ಮೊದಲ ಸಂಬಂಧ ಮುರಿದದ್ದು ಅವನ ತಪ್ಪಿನಿಂದ ಅಲ್ಲವಂತೆ. ಸಹಿ ಹಾಕು."

ಮೊದಲ ಲೈಕ್ ಒತ್ತಿದವರು ನನ್ನ ಹೊಸ ಮ್ಯಾನೇಜರ್.