ಗಿರಿಜಕ್ಕ ಮತ್ತು ಉಳಿದ ಮೂರು ಹೆಸರು

ತಪ್ಪು ಹುಡುಕುವಾಗ ಗಿರಿಜಕ್ಕ ಕನ್ನಡಕ ತೆಗೆದಿಟ್ಟು, ಮೂಗು ತಾಗುವಷ್ಟು ಹತ್ತಿರದಿಂದ ಪರದೆ ನೋಡುತ್ತಿದ್ದರು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮ ಎದುರು ಮನೆ. ಮಧ್ಯಾಹ್ನ ಒಲೆಕಟ್ಟೆ ಒರೆಸಿದ ಮೇಲೆ ನಾನು ಅವರ ಬಳಿ ಪ್ರೋಗ್ರಾಮ್ ಬರೆಯಲು ಕಲಿಯುತ್ತಿದ್ದೆ. ಉತ್ತರ ಸರಿ ಬಂದರೂ ಹೊಗಳುತ್ತಿರಲಿಲ್ಲ. "ಖಾಲಿ ಪಟ್ಟಿ ಕೊಟ್ಟು ನೋಡಿದೇನು?" ಎಂದಷ್ಟೇ ಕೇಳುತ್ತಿದ್ದರು.

ನಮ್ಮ ಮಹಿಳಾ ಮಂಡಳ ಅಮ್ಮಿನಬಾವಿ ಎಂಬ ಹಳ್ಳಿಯಲ್ಲಿ ಕಣ್ಣಿನ ತಪಾಸಣೆ ನಡೆಸಿದಾಗ, ಪೊರೆ ತೆಗೆಸಬೇಕಾದ ನಲವತ್ತಮೂರು ಜನರ ಪಟ್ಟಿಯಾಯಿತು. ದಿನಕ್ಕೆ ಐದು ಜನರನ್ನು ವ್ಯಾನಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತರಬೇಕು. ಪಟ್ಟಿಯನ್ನು ಐದೈದರ ಗುಂಪಾಗಿಸುವ ಪ್ರೋಗ್ರಾಮ್ ನಾನು ಬರೆದೆ. ನಲವತ್ತಮೂರನ್ನು ಐದರಿಂದ ಭಾಗಿಸಿ, ಶೇಷವನ್ನು ಮರೆತು, ಎಂಟೇ ಗುಂಪು ಮಾಡಿಬಿಟ್ಟಿದ್ದೆ.

ಒಂಬತ್ತನೆಯ ದಿನ ಊರಿನಿಂದ ಫೋನು ಬಂತು. ಬಸವ್ವ ಎಂಬ ಮುದುಕಿಯೂ ಮತ್ತಿಬ್ಬರೂ ಬುತ್ತಿ ಕಟ್ಟಿಕೊಂಡು ಬೆಳಗಿನಿಂದ ವ್ಯಾನಿಗೆ ಕಾಯುತ್ತಿದ್ದರು. ನನ್ನ ಪಟ್ಟಿಯ ಪ್ರಕಾರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಶಿಬಿರ ಹಿಂದಿನ ದಿನವೇ ಮುಗಿದಿತ್ತು. ಬಸವ್ವನಿಗೋ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ.

ಗಿರಿಜಕ್ಕ ನನ್ನ ಪ್ರೋಗ್ರಾಮ್ ನೋಡಿದರು. ಬೈಯಲಿಲ್ಲ.

"ಐದೈದು ರೊಟ್ಟಿ ಕಟ್ಟಿಟ್ಟಿ, ಮೂರು ಉಳದ್ವು. ಅವನ್ನ ಚೆಲ್ತೀಯೇನು? ಅದೂ ಒಂದು ಕಟ್ಟ ಅಲ್ಲೇನವಾ? ಸಣ್ಣದು, ಅಷ್ಟ."

ನಾನು ಕಾನ್ವೆಂಟಿನ ಅಭ್ಯಾಸದಂತೆ ಸಾರಿ ಎಂದೆ.

"ನನಗ್ಯಾಕ ಹೇಳ್ತಿ? ಯಾರ ಹೆಸರು ಬಿಟ್ಟದೋ ಅವರಿಗೆ ಹೇಳು, ನಡಿ."

ಮೊದಲು ಆಸ್ಪತ್ರೆಗೆ ಹೋದೆವು. ಕಲಿಸಿದಾಕಿ ನಾನು, ತಿದ್ದದೆ ಬಿಟ್ಟಾಕಿನೂ ನಾನು ಎಂದು ಗಿರಿಜಕ್ಕ ವೈದ್ಯರ ಮುಂದೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಮರುದಿನಕ್ಕೆ ಜಾಗ ಸಿಕ್ಕಿತು. ಅಮ್ಮಿನಬಾವಿಯಲ್ಲಿ ನಾನು ತಪ್ಪೊಪ್ಪಿಕೊಂಡಾಗ ಬಸವ್ವ ನಕ್ಕು, ಇಷ್ಟು ವರ್ಷ ಕುಂತಾಕಿಗೆ ಒಂದು ದಿನ ಏನು ಭಾರ ಎಂದಳು. ಮರುದಿನ ಗಿರಿಜಕ್ಕನೇ ಅವಳ ಕೈ ಹಿಡಿದು, ಮೆಟ್ಟಿಲು ಎಣಿಸಿ ಹೇಳುತ್ತ, ಆಸ್ಪತ್ರೆಯ ಒಳಗೆ ಕರೆದೊಯ್ದರು. ಕಣ್ಣಿನ ಪಟ್ಟಿ ಬಿಚ್ಚುವ ದಿನ ಗಿರಿಜಕ್ಕನಿಗೆ ಜ್ವರ, ಆಸ್ಪತ್ರೆಗೆ ಬರಲಾಗಲಿಲ್ಲ. ಬಸವ್ವ ಮಗಳೊಡನೆ ಊರಿಗೆ ಹೋದಳು.

ಜ್ವರ ಇಳಿಯಲೇ ಇಲ್ಲ. ಹದಿನೈದು ದಿನದಲ್ಲಿ ಗಿರಿಜಕ್ಕ ಹೋದರು.

ಪಡಸಾಲೆಯಲ್ಲಿ ವಿಭೂತಿ ಹಚ್ಚಿ, ಹೂ ಹಾಕಿ ಅವರನ್ನು ಕೂಡಿಸಿದ್ದರು. ಬಸ್ಸು ಹಿಡಿದು ಬಂದ ಬಸವ್ವ ಜನರ ನಡುವೆ ದಾರಿ ಮಾಡಿಕೊಂಡು ಎದುರಿಗೆ ಕುಳಿತಳು. ಅಳಲಿಲ್ಲ; ಅವರ ಮುಖವನ್ನೇ ನೋಡಿದಳು.

"ದನಿ ಕೇಳಿದ್ದೆ, ಕೈ ಹಿಡದಿದ್ದೆ. ಮಾರಿ ಇವತ್ತ ನೋಡಾಕತ್ತೇನ್ರಿ," ಎಂದಳು.

ಹಿಂದೆ ಮಂದಿ ಸಾಲಾಗಿ ನಿಂತಿದ್ದರು. ಯಾರೂ ಅವಳಿಗೆ ಅವಸರ ಮಾಡಲಿಲ್ಲ.