ಹತ್ತು ಲಕ್ಷದ ಒಂಬತ್ತು

ಉರ್ವದ ಒಲಿಂಡಾ ಟೀಚರ್ ಮೂವತ್ತೊಂದು ವರ್ಷ ಗಣಿತ ಕಲಿಸಿದವರು. ನಿವೃತ್ತಿಯಾದ ಮೇಲೂ ಗಣಿತ ಅವರನ್ನು ಬಿಡಲಿಲ್ಲ. ಈಚೆಗೆ ಮೂರು ತಿಂಗಳು ಅವರು ಬೆನ್ನು ಹತ್ತಿದ್ದು ಒಂದೇ ಸಂಖ್ಯೆಯನ್ನು: ಹತ್ತು ಲಕ್ಷದ ಒಂಬತ್ತು. ಅದು ಅವಿಭಾಜ್ಯವೇ? ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳು ನೂರ ಅರವತ್ತೆಂಟು. ಅವುಗಳಲ್ಲಿ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದಿದ್ದರೆ ಇದೂ ಅವಿಭಾಜ್ಯವೇ. ಒಂದೊಂದು ಭಾಗಾಕಾರಕ್ಕೆ ಒಂದೊಂದು ಚೀಟಿ. ಎಣಿಕೆ ತಪ್ಪಬಾರದೆಂದು ಜಪಸರದ ಒಂದೊಂದು ಸಣ್ಣ ಮಣಿ. ಐವತ್ತು ಮಣಿಗಳ ಮೂರು ಸುತ್ತು, ಮೇಲೆ ಹದಿನೆಂಟು.

“ಈ ಜಪ ದೇವರಿಗಾ, ಭಾಗಾಕಾರಕ್ಕಾ?” ಎಂದು ಗಂಡ ಕಜೆಟನ್ ಕೆಣಕುತ್ತಿದ್ದರು.

ಮಣಿಗಳ ಲೆಕ್ಕ ಸರಿಹೋಯಿತು. ಎಲ್ಲ ಚೀಟಿಗಳಲ್ಲೂ ಶೇಷ ಉಳಿದಿತ್ತು. ಸಂಖ್ಯೆ ಅವಿಭಾಜ್ಯವೆಂದು ಟೀಚರ್ ತಮ್ಮ ಶಿಷ್ಯೆ ಮನ್ವಿತಾಳಿಗೆ ಹೇಳಿಬಿಟ್ಟರು. ಇಂದು ಮೂರು ಗಂಟೆಗೆ ದೇರೆಬೈಲಿನ ಶಾಲೆಯೊಂದರ ಸ್ಪರ್ಧೆಯಲ್ಲಿ ಆ ಹುಡುಗಿ ಅದನ್ನೇ ಮಂಡಿಸುವವಳಿದ್ದಳು.

ಎರಡೂವರೆಗೆ ಚೀಟಿಗಳನ್ನು ಕಟ್ಟಿಡುವಾಗ ಟೀಚರ್ ಸುಮ್ಮನೆ ಎಣಿಸಿದರು. ನೂರ ಅರವತ್ತೇಳು. ಮತ್ತೆ ಎಣಿಸಿದರು, ಅಷ್ಟೇ. ಒಂದೊಂದಾಗಿ ಬಿಡಿಸಿ ನೋಡಿದರೆ ೨೮೩ರ ಮೇಲೆ ನೇರವಾಗಿ ೩೦೭. ನಡುವೆ ೨೯೩ ಇಲ್ಲ. ಆಗ ನೆನಪಾಯಿತು: ಆ ಮಣಿಯ ಮೇಲೆ ಬೆರಳಿಟ್ಟಾಗಲೇ ಮೊಯ್ದೀನಬ್ಬನ ಮೀನಿನ ಸ್ಕೂಟರಿನ ಹಾರ್ನ್ ಕೇಳಿಸಿತ್ತು. ಬಂಗುಡೆ ಕೊಂಡು ಬಂದವರು ಆ ಮಣಿ ಮುಗಿದಿದೆ ಎಂದುಕೊಂಡು ಮುಂದಿನದನ್ನು ಹಿಡಿದಿದ್ದರು.

ಕ್ಯಾಲೆಂಡರಿನ ಹಿಂಬದಿಯಲ್ಲಿ ಭಾಗಿಸಿ ನೋಡಿದರು. ಭಾಗಲಬ್ಧ ೩೪೧೩. ಶೇಷ ಸೊನ್ನೆ.

ಸ್ಪರ್ಧೆಯಲ್ಲಿ ಮೊಬೈಲಿಗೆ ಅವಕಾಶವಿರಲಿಲ್ಲ. ಕಜೆಟನ್ ಸ್ಕೂಟರ್ ಹೊರಡಿಸಿದರು. ದಾರಿಯಲ್ಲಿ ಬಸ್ಸುಗಳ ಸಾಲು ಅಲುಗದೆ ನಿಂತಿತ್ತು.

“ಬೇಗ ಹೋಗಿ ಮಾರಾಯ್ರೆ.”

“ಬಸ್ಸಿನ ಮೇಲೆ ಹತ್ತಿ ಹೋಗುವುದಾ ಎಂತ?”

ಅವರು ಸಭಾಂಗಣದ ಬಾಗಿಲಿಗೆ ಬರುವಾಗ ಮೂರೂ ಹತ್ತು. ಮನ್ವಿತಾ ಹಲಗೆಯ ಮುಂದೆ ನಿಂತಿದ್ದಳು. ಎಲ್ಲದರಿಂದಲೂ ಭಾಗಿಸಿ ನೋಡಿದ್ದೀಯಾ ಎಂದು ತೀರ್ಪುಗಾರ ಲೋಕನಾಥರು ಕೇಳಿದರು.

“ನಾನಲ್ಲ ಸರ್, ನಮ್ಮ ಟೀಚರ್. ಅವರಿಗೆ ತಪ್ಪುವುದಿಲ್ಲ.”

ಲೋಕನಾಥರು ತಲೆಯಾಡಿಸಿ, ಅಂಕ ಬರೆಯಲು ಪೆನ್ನು ತೆಗೆದರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಮನ್ವಿತಾ, ಇನ್ನೂರ ತೊಂಬತ್ತಮೂರರಿಂದ ಭಾಗಿಸು,” ಎಂದರು ಟೀಚರ್ ಬಾಗಿಲಿನಿಂದಲೇ. “ಅದನ್ನು ನಾನು ಬಿಟ್ಟಿದ್ದೆ.”

ಹುಡುಗಿ ಹಲಗೆಯತ್ತ ತಿರುಗಿ ಭಾಗಿಸತೊಡಗಿದಳು. ಕೊನೆಯ ಸಾಲಿನಲ್ಲಿ ಸೊನ್ನೆ ಬಂತು.

ಬಹುಮಾನ ಬೇರೆಯವರ ಪಾಲಾಯಿತು. ಮನ್ವಿತಾ ಟೀಚರ್ ಜೊತೆ ಗೇಟಿನವರೆಗೆ ನಡೆದು ಬಂದಳು. ಕ್ಷಮೆ ಕೇಳಬೇಕೆಂದು ಟೀಚರ್ ಮಾತು ಹುಡುಕುತ್ತಿದ್ದರು.

“ಟೀಚರ್,” ಎಂದಳು ಅವಳು, “ಆ ಮೂರು ಸಾವಿರದ ನಾನೂರ ಹದಿಮೂರು ಉಂಟಲ್ಲ, ಅದು ಅವಿಭಾಜ್ಯವಾ?”

ನಾಲಿಗೆಯ ತುದಿಗೆ ಬಂದ ಉತ್ತರವನ್ನು ಟೀಚರ್ ನುಂಗಿಕೊಂಡರು.

“ನೀನೇ ಭಾಗಿಸಿ ನನಗೆ ಹೇಳು,” ಎಂದು ಚೀಲದಿಂದ ಖಾಲಿ ಚೀಟಿಗಳ ಕಟ್ಟನ್ನು ತೆಗೆದು ಅವಳ ಕೈಗಿತ್ತರು.