ಲಾಯರಮ್ಮನ ಆರು ಗಂಟೆಯ ಕಾಲೇಜು

ಬೆಳಿಗ್ಗೆ ಐದೂ ಮುಕ್ಕಾಲು. ಕಾಲೇಜಿನ ಗೇಟಿನ ಬಳಿ ಪ್ರಾಂಶುಪಾಲರು ಆಗಲೇ ನಿಂತಿದ್ದಾರೆ. ರಾತ್ರಿ ಪಾಳಿ ಮುಗಿಸಿ ಕಣ್ಣುಜ್ಜಿಕೊಂಡು ಬರುವ ನರ್ಸ್, ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡ ಬಸ್ ಕಂಡಕ್ಟರ್, ಎಲ್ಲರನ್ನೂ ಮಾತಾಡಿಸುತ್ತಾರೆ. "ತಿಂಡಿ ಆಯ್ತಾ? ಸುಳ್ಳು ಹೇಳ್ಬೇಡ, ಮುಖಾನೇ ಹೇಳ್ತಿದೆ," ಎಂದು ನರ್ಸ್ ಕೈಗೆ ಬಿಸ್ಕತ್ತಿನ ಪೊಟ್ಟಣ ತುರುಕುತ್ತಾರೆ.

ಐವತ್ತೆಂಟರ ಇವರು ಪ್ರಾಂಶುಪಾಲರಾಗಿ ಏಳು ವರ್ಷವಾದರೂ ಎಲ್ಲರ ಬಾಯಲ್ಲೂ 'ಲಾಯರಮ್ಮ'ನೇ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಕಾರ್ಮಿಕ ನ್ಯಾಯಾಲಯದಲ್ಲಿ ಕೆಲಸ ಕಳೆದುಕೊಂಡವರ ಪರ ವಾದಿಸಿದವರು. ಕೊನೆಯ ದೊಡ್ಡ ಮೊಕದ್ದಮೆ ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದ ಹನ್ನೊಂದು ಹೆಂಗಸರದು. ರಜೆ ಅರ್ಜಿ ಎಂದು ನಂಬಿಸಿ ಮಾಲೀಕರು ಅವರಿಂದ ರಾಜೀನಾಮೆಗೆ ಸಹಿ ಹಾಕಿಸಿಕೊಂಡಿದ್ದರು. ಆರು ವರ್ಷ ಹೋರಾಡಿ ಲಾಯರಮ್ಮ ಎಲ್ಲರಿಗೂ ಕೆಲಸ ಮರಳಿ ಕೊಡಿಸಿದರು.

"ತೀರ್ಪು ಬಂದ ದಿನ ಅವರಲ್ಲಿ ಹಿರಿಯಾಕೆ ನನ್ನ ಕೈ ಹಿಡ್ಕೊಂಡು, 'ಅಕ್ಕಾ, ಅವತ್ತು ಆ ಕಾಗದ ಓದೋಕೆ ಬಂದಿದ್ರೆ ಈ ಆರು ವರ್ಷ ಉಳೀತಿತ್ತಲ್ವಾ?' ಅಂದ್ರು. ಗೆದ್ದ ಖುಷಿ ಅಲ್ಲೇ ಇಳಿದುಹೋಯ್ತು. ನಾನು ಮಾಡ್ತಿದ್ದದ್ದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋ ಕೆಲಸ ಅನ್ನಿಸ್ತು."

ವಾರಕ್ಕೆರಡು ದಿನ ಅವರು ಕಾನೂನು ಪಾಠ ಹೇಳುತ್ತಿದ್ದ ಈ ಕಾಲೇಜು ಆಗ ಮುಚ್ಚುವ ಹಂತದಲ್ಲಿತ್ತು. ಉಳಿದಿದ್ದವರು ನಲವತ್ತೊಂದು ವಿದ್ಯಾರ್ಥಿಗಳು. ಹೊಣೆ ಹೊರಲು ಯಾರೂ ಮುಂದೆ ಬಾರದಾಗ ಇವರು ವಕೀಲಿಕೆ ಬಿಟ್ಟು ಹೊತ್ತರು. "ಓಡೋ ಕುದುರೆ ಬಿಟ್ಟು ಕುಂಟೆತ್ತು ಹಿಡಿದ್ಯಲ್ಲೇ," ಎಂದು ಅಣ್ಣ ನಕ್ಕರಂತೆ. ಇವರು ತರಗತಿಗಳನ್ನು ಬೆಳಿಗ್ಗೆ ಆರಕ್ಕೆ ತಂದರು. ಪಾಳಿಗೆ ಹೋಗುವವರೂ ಪಾಳಿ ಮುಗಿಸಿದವರೂ ಬರತೊಡಗಿದರು. ಇಂದು ಮುನ್ನೂರ ಎಂಬತ್ತು ಮಂದಿ.

ನಿಜವಾದ ಪರೀಕ್ಷೆ ಎದುರಾದದ್ದು ಎರಡನೇ ವರ್ಷ. ಮೂವರು ಗುತ್ತಿಗೆ ಉಪನ್ಯಾಸಕರನ್ನು ಮರುದಿನದಿಂದಲೇ ಕೈಬಿಡುವ ಪತ್ರವನ್ನು ಆಡಳಿತ ಮಂಡಳಿ ಇವರ ಸಹಿಗೆ ಕಳಿಸಿತು.

"ಇಂಥ ಪತ್ರಗಳ ವಿರುದ್ಧ ವಾದ ಮಾಡಿ ಮಾಡೀನೇ ಕೂದಲು ನರೆತಿತ್ತು. ಈಗ ನನ್ನ ಕೈಗೇ ಪೆನ್ನು ಕೊಟ್ಟಿದ್ರು!"

ಸಹಿ ಹಾಕಲಿಲ್ಲ. ತಮ್ಮ ರಾಜೀನಾಮೆ ಬರೆದು ಆ ಪತ್ರದ ಜೊತೆಗಿಟ್ಟರು. "ಅವ್ರನ್ನ ಕಳ್ಸೋದಾದ್ರೆ ಮೊದಲು ನನ್ನನ್ನ ಕಳ್ಸಿ," ಎಂದರು. ಹದಿನೈದು ದಿನ ಎಳೆದಾಟ ನಡೆಯಿತು. ತಮ್ಮ ಹಟಕ್ಕೆ ಕಾಲೇಜೇ ಬಾಗಿಲು ಹಾಕಿದರೆ ಎಂಬ ಅಂಜಿಕೆ ಅವರಿಗೂ ಇತ್ತು. ಕೊನೆಗೆ ಮಂಡಳಿಯೇ ಪತ್ರ ಹಿಂಪಡೆಯಿತು. ಆ ಮೂವರಲ್ಲೊಬ್ಬರು ಈಗ ಉಪಪ್ರಾಂಶುಪಾಲರು. "ಮೇಡಂ ಜೊತೆ ವಾದ ಮಾಡಿ ಗೆದ್ದೋರಿಲ್ಲ. ಅದಕ್ಕೇ ನಾನು ರಜೆ ಕೇಳೋದೇ ಬಿಟ್ಟಿದೀನಿ," ಎಂದು ನಗುತ್ತಾರೆ.

ಇನ್ನೆರಡು ವರ್ಷಕ್ಕೆ ನಿವೃತ್ತಿ. ಮತ್ತೆ ಕರಿ ಕೋಟು ಹಾಕುತ್ತೀರಾ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಹೋದ ವಾರ ನಮ್ಮ ವಿದ್ಯಾರ್ಥಿ, ಒಬ್ಬ ಸೆಕ್ಯುರಿಟಿ ಗಾರ್ಡ್, ಕಂಪನಿ ಕೊಟ್ಟ ಪತ್ರ ತಂದಿದ್ರು. ನಾನು ಕನ್ನಡಕ ಹುಡುಕ್ತಿದ್ದೆ. 'ನೀವು ಓದೋದು ಬೇಡ ಮೇಡಂ, ನಾನೇ ಓದಿದೀನಿ. ನಾಲ್ಕನೇ ಸಾಲು ಸರಿಯಿಲ್ಲ, ಸಹಿ ಹಾಕಲ್ಲ ಅಂತ ಹೇಳಿಬಂದೆ. ನಿಮಗೆ ತೋರಿಸ್ಬೇಕು ಅನ್ನಿಸ್ತು, ಅಷ್ಟೆ' ಅಂದ್ರು."

ಹೇಳುತ್ತಲೇ ನಗುತ್ತಾರೆ.

"ಕನ್ನಡಕ ಸಿಗದೇ ಇದ್ದದ್ದೇ ಒಳ್ಳೇದಾಯ್ತು. ಕಣ್ಣು ಒರೆಸ್ಕೊಳ್ಳೋಕೆ ಅಡ್ಡ ಬರ್ತಿತ್ತು."